ಭುಜದ ಮೇಲೊಂದು ಪಟ್ಟಿ

ಅವನಿಗೆ ಪ್ರತಿ ವಾರ ಒಂದೇ ಮಾತು:
"ಹಡಗೊಂದು ಹತ್ತಿರ ಬರುತ್ತಿದೆ, ಕ್ಯಾಪ್ಟನ್."
ಕ್ಯಾಪ್ಟನ್ ಕುರ್ಚಿಯಿಂದೇಳುತ್ತಾನೆ, ಸಂಗೀತವೂ ಏಳುತ್ತದೆ,
ಕ್ಯಾಮೆರಾ ಅತ್ತ ಹೊರಳುತ್ತದೆ.
ಇವನ ಅರ್ಧ ಕಿವಿ, ಒಂದು ಮೊಣಕೈ
ಪರದೆಯ ಅಂಚಿನಲ್ಲಿ ಉಳಿಯುತ್ತವೆ.

ನಾನು ನೋಡುವುದು ಆ ಮೊಣಕೈಯನ್ನು.

ಪಣಂಬೂರಿನ ಗೋಪುರದಲ್ಲಿ ನನಗೆ ರಾತ್ರಿ ಪಾಳಿ.
ಕೆಳಗೆ ಅದಿರಿನ ರಾಶಿ, ಗೊಬ್ಬರದ ಕಾರ್ಖಾನೆಯ ಘಾಟು,
ಹೊರಗಡಲಲ್ಲಿ ಸರತಿ ಕಾಯುವ ಹಡಗುಗಳ ದೀಪ.
ಒಂದು ಗಂಟೆಯ ಮೇಲೆ ಅಲೆಯೂ ತೂಕಡಿಸುತ್ತದೆ.
ಆಗ ಫ್ಲಾಸ್ಕಿನ ಚಹಾ, ಆರಿದ ಗೋಳಿಬಜೆ,
ಮೊಬೈಲನ್ನು ಲಾಗ್ ಪುಸ್ತಕಕ್ಕೆ ಒರಗಿಸಿ
(ನಿಯಮಕ್ಕೆ ವಿರುದ್ಧ, ಗೊತ್ತು)
ನಕ್ಷತ್ರಗಳ ನಡುವೆ ನಲವತ್ತು ನಿಮಿಷ.

ಏಳು ಸೀಸನ್. ನೂರೈವತ್ತು ಕಂತು.
ಅಡುಗೆಯವನಿಗೊಂದು ಪ್ರೇಮಕಥೆ ಸಿಕ್ಕಿತು.
ಶತ್ರು ಪಾಳೆಯದಿಂದ ಬಂದವಳಿಗೆ ಎರಡೇ ವಾರದಲ್ಲಿ ಬಡ್ತಿ.
ಬಾಗಿಲು ತೆರೆಯುವ ಯಂತ್ರಕ್ಕೂ ಹುಟ್ಟುಹಬ್ಬ ಮಾಡಿದರು.
ಓರಿನ್‌ಗೆ (ಅವನ ಹೆಸರು ಓರಿನ್,
ಮೂರನೇ ಕಂತಿನಲ್ಲಿ ಯಾರೋ ಒಮ್ಮೆ ಕರೆದದ್ದು)
ಭುಜದ ಮೇಲೆ ಮೊದಲ ದಿನದ ಅದೇ ಒಂದು ಪಟ್ಟಿ.
ಒಗೆದು ಒಗೆದು ಬಣ್ಣ ಮಾಸಿದೆಯೆಂದು ನನ್ನ ಅನುಮಾನ.

ಹೊಸ ಗ್ರಹಕ್ಕೆ ಮೊದಲು ಇಳಿಯುವವನು ಅವನು.
ವಿಚಿತ್ರ ಜ್ವರ ಮೊದಲು ಏರುವುದು ಅವನಿಗೆ.
ಆ ಹೂವನ್ನು ಮುಟ್ಟಬಾರದೆಂದು ಎಲ್ಲರಿಗೂ ತಿಳಿಯಲು
ಒಬ್ಬನು ಮುಟ್ಟಬೇಕಲ್ಲ.

ನಾಲ್ಕನೇ ಸೀಸನ್ನಿನಲ್ಲೊಂದು ಕಂತು:
ಕಾಲ ಹೆಪ್ಪುಗಟ್ಟಿ ಹಡಗಿಗೆ ಹಡಗೇ ಕಲ್ಲಾಯಿತು,
ಎಚ್ಚರ ಉಳಿದವನು ಅವನೊಬ್ಬ.
ಒಂಬತ್ತು ವರ್ಷ. ಕಲ್ಲಾದವರ ಮುಖದ ಧೂಳು ಒರೆಸಿದ,
ಇಂಜಿನ್ನು ಬಿಚ್ಚಿ ಕಲಿತ, ಗಡ್ಡ ನೆರೆಯಿತು,
ಗಿಡವೊಂದಕ್ಕೆ ಹೆಸರಿಟ್ಟು ಅದರೊಡನೆ ಜಗಳವಾಡಿದ.
ಕಡೆಗೆ ಗಡಿಯಾರ ಹಿಂದಕ್ಕೆ ತಿರುಗಿಸಿ ಎಲ್ಲರನ್ನೂ ಉಳಿಸಿದ.
ಉಳಿಸಿದ್ದೇ ತಡ
ಆ ಒಂಬತ್ತು ವರ್ಷ ನಡೆಯಲೇ ಇಲ್ಲವೆಂದಾಯಿತು.
ಮುಂದಿನ ವಾರ
"ಹಡಗೊಂದು ಹತ್ತಿರ ಬರುತ್ತಿದೆ, ಕ್ಯಾಪ್ಟನ್."

ನನ್ನ ಮಾವ ಮೇಳದಲ್ಲಿ ಹದಿನೆಂಟು ತಿರುಗಾಟ
ತೆರೆ ಹಿಡಿದವರು. ಬಣ್ಣದ ವೇಷ ಒಳಗೆ ಅಬ್ಬರಿಸುವಾಗ
ಕೈ ಅಲುಗಬಾರದು, ಮುಖ ಯಾರ ನೆನಪಿಗೂ ನಿಲ್ಲಬಾರದು.
"ತೆರೆಯಿಲ್ಲದೆ ರಕ್ಕಸ ಎಲ್ಲಿಂದ ಬರುತ್ತಾನೆ ಮಗಾ?"
ಎನ್ನುತ್ತಿದ್ದರು ಎಂದು ಬರೆದರೆ ಪದ್ಯಕ್ಕೆ ಚೆನ್ನ.
ನಿಜದಲ್ಲಿ ಅವರು ಹೇಳುತ್ತಿದ್ದುದು
ರಟ್ಟೆ ನೋಯುತ್ತದೆ ಎಂದಷ್ಟೆ.

ಕಳೆದ ಮೇ ತಿಂಗಳು, ಗಾಳಿಯ ರಾತ್ರಿ.
ಇಂಜಿನ್ ಕೆಟ್ಟ ಮಲ್ಪೆಯ ದೋಣಿಯೊಂದು
ತೇಲಿ ಬಂದು ತೈಲದ ಹಡಗಿನ ದಾರಿಗೆ ಅಡ್ಡ.
ಎರಡು ಗಂಟೆ ಹತ್ತು ನಿಮಿಷ ರೇಡಿಯೋ ಕಚ್ಚಿ ಕೂತೆ,
ಆಚೆ ಹಡಗಿಗೆ ಇಂಗ್ಲಿಷು, ಈಚೆ ತಂಡೇಲನಿಗೆ ತುಳು.
ವರದಿಯಲ್ಲಿ ಬಂದದ್ದು:
"ಕರ್ತವ್ಯನಿರತ ಸಿಬ್ಬಂದಿ ಎಚ್ಚರಿಸಿದರು."
ಕೆಳಗೆ ಕ್ಯಾಪ್ಟನ್ ಮಸ್ಕರೇನಸರ ಸಹಿ. ಒಳ್ಳೆಯ ಮನುಷ್ಯ.
ಆ ರಾತ್ರಿ ಮನೆಯಲ್ಲಿ ಮಗಳ ರೋಸ್,
ತೆಂಗಿನ ಹಾಲು ಹಚ್ಚುತ್ತಿದ್ದರು.

ಗಾಳಿ ಇಳಿದ ಮೇಲೆ ತಂಡೇಲ ಕೇಳಿದ್ದ:
"ಏರಕ್ಕಾ ಪಾತೆರುನಿ?"
ಪಣಂಬೂರು ಕಂಟ್ರೋಲ್, ಎಂದೆ.
"ಅವು ಗೊತ್ತುಂಡು. ಏರ್?"
ಹದಿನಾರನೇ ಚಾನೆಲ್. ಕಡಲೆಲ್ಲ ಕೇಳುತ್ತಿತ್ತು.
ಗುಂಡಿ ಒತ್ತಿದೆ. ಬಿಟ್ಟೆ. ಮತ್ತೆ ಒತ್ತಿದೆ.
ಸುಪ್ರಭಾ ಕರ್ಕೇರ.
"ಆವು" ಎಂದು ಅವನು ಹಗ್ಗ ಕಟ್ಟಲು ಹೋದ.

ಕೊನೆಯ ಕಂತು ಇನ್ನೂ ನೋಡಿಲ್ಲ.
ನೋಡದಿರುವಷ್ಟು ದಿನ
ಎರಡನೇ ಪಟ್ಟಿ ಅಲ್ಲೇ ಎಲ್ಲೋ ಇರುತ್ತದೆ,
ಯಾರದೋ ಮೇಜಿನ ಡ್ರಾಯರಿನಲ್ಲಿ, ದಾರ ಸಹಿತ.
ಕಂತಿನ ಕೊನೆಗೆ ಓಡುವ ಹೆಸರುಗಳನ್ನು ಮಾತ್ರ
ಹೆಬ್ಬೆರಳಿನಿಂದ ತಡೆದು ನಿಲ್ಲಿಸುತ್ತೇನೆ.
ಇಪ್ಪತ್ತಮೂರನೆಯ ಸಾಲಿನಲ್ಲಿ ಅವನು.

ರಾಡಾರಿನಲ್ಲಿ ಈಗೊಂದು ಹೊಸ ಚುಕ್ಕೆ,
ಸುರತ್ಕಲ್ಲಿನ ದೀಪದಾಚೆ, ನಿಧಾನ.
ಕೋಣೆಯಲ್ಲಿ ಬೇರೆ ಯಾರೂ ಇಲ್ಲ.
ಹಡಗೊಂದು ಹತ್ತಿರ ಬರುತ್ತಿದೆ, ಓರಿನ್.