ನಾಲ್ಕು ನಿಮಿಷ ಹನ್ನೆರಡು ಸೆಕೆಂಡು

ಮೊದಲು ಒಂದು ಗೆರೆ ಎಳೆದೆ.
ಪರದೆಯ ನಟ್ಟನಡುವೆ, ಅಡ್ಡಕ್ಕೆ, ಬೂದು ಬಣ್ಣ,
ಉದ್ದ ಎಂಟುನೂರು ಪಿಕ್ಸೆಲ್.
ಎಡತುದಿಗೆ ‘ಸದ್ದೇ ಇಲ್ಲ’,
ಬಲತುದಿಗೆ ‘ತಾಳಲಾರದಷ್ಟು’.
ಇಷ್ಟಕ್ಕೇ ಒಂದು ವಾರ ಹಿಡಿಯಿತು.
ಫಾಂಟು ಒತ್ತಕ್ಷರ ಒಪ್ಪಲೊಲ್ಲದೆ
ಷ ಒಂದು ಕಡೆ, ಟ ಒಂದು ಕಡೆ,
ಸೋಡಚೀಟಿ ಬರೆಸಿಕೊಂಡ ಗಂಡಹೆಂಡಿರ ಹಾಗೆ.

ಆಮೇಲೆ ಚುಕ್ಕಿಯ ತಕರಾರು.
ತಂತ್ರಾಂಶ ತಾನಾಗಿಯೇ ಅದನ್ನು
ಐವತ್ತರ ಮೇಲೆ ಕೂರಿಸಿ ಕೊಟ್ಟಿತ್ತು.
ಎದುರಿಗೆ ಉತ್ತರ ಇಟ್ಟುಕೊಂಡು ಪ್ರಶ್ನೆ ಕೇಳಿದರೆ
ಮೈಸೂರಿನವರು, ದಾಕ್ಷಿಣ್ಯದ ಜನ,
‘ಇರಲಿ ಬಿಡಿ, ಅಲ್ಲೇ ಇರಲಿ’ ಅನ್ನುತ್ತಾರೆ.
ಮೊದಲ ಸುತ್ತಿನ ಹನ್ನೊಂದು ಮಂದಿಯಲ್ಲಿ
ಏಳು ಮಂದಿ ಅಂದರು.
ಚುಕ್ಕಿಯನ್ನು ಅಡಗಿಸಿದೆ:
ಮುಟ್ಟುವ ತನಕ ಗೆರೆ ಬರೀ ಗೆರೆ,
ಮುಟ್ಟಿದಲ್ಲಿ ಮಾತ್ರ ಅದು ಹುಟ್ಟಬೇಕು.
ಅಂಕಿಗಳನ್ನೂ ಅಳಿಸಿದೆ. ಅಂಕಿ ಕಂಡರೆ
ಎಲ್ಲರಿಗೂ ಹಳೆಯ ಪರೀಕ್ಷೆ ನೆನಪಾಗಿ
ಮೂವತ್ತೈದರ ಕೆಳಗಿಳಿಯಲು ಹೆದರುತ್ತಾರೆ.

ಕೊನೆಗೆ ಒಂದು ಕಾವಲಿನ ಸಾಲು:
ಮೂವತ್ತು ಸೆಕೆಂಡು ದಾಟಿದ ಉತ್ತರ
ಗಮನವಿಲ್ಲದವರದು, ಕೈಬಿಡು.

ಗುರುವಾರ ಹತ್ತೂವರೆಗೆ
ಮಂಡ್ಯದಿಂದ ಪುಶ್‌ಪುಲ್ ಹಿಡಿದು ಬಂದರು ಬೋರಲಿಂಗಯ್ಯ.
ಸಕ್ಕರೆ ಕಾರ್ಖಾನೆಯ ಪ್ಯಾನ್‌ಮ್ಯಾನ್, ಮೂವತ್ತೊಂದು ವರ್ಷ.
ನಿವೃತ್ತಿಯಾಗಿ ಆರು. ಕಿವಿ ಮಾತ್ರ
ಇನ್ನೂ ಪಾಳಿ ಮುಗಿಸಿಲ್ಲ.
‘ಗುಂಯ್ ಅಂತದೆ ಕನವ್ವ. ಮಿಲ್ಲು ನಿಂತ್ರೂ ಇದು ನಿಲ್ಲದು.’

ಈ ಹೊತ್ತು ಸದ್ದು ಎಷ್ಟಿದೆ,
ಗೆರೆಯ ಮೇಲೆ ಮುಟ್ಟಿ ತೋರಿಸಿ, ಅಂದೆ.

ಮುಟ್ಟಲಿಲ್ಲ.
ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಳ್ಳಲಿಲ್ಲ.
ಫ್ಯಾನ್ ಆರಿಸವ್ವ ಅಂದರು. ಆರಿಸಿದೆ.
ಕಣ್ಣು ಮುಚ್ಚಿದರು.
ಬೋಗಾದಿ ರಸ್ತೆಯಲ್ಲಿ ಬಸ್ಸೊಂದು ಗೇರು ಬದಲಿಸಿತು.
ಮೂವತ್ತು ದಾಟಿತು. ಅರವತ್ತು. ನೂರು.
ಟೀ ತರುವ ಚಿಕ್ಕತಾಯಮ್ಮ ಬಾಗಿಲಲ್ಲಿ ಇಣುಕಿ
ಶಬ್ದ ಮಾಡದೆ ಹಿಂದೆ ಸರಿದಳು.
ನಿದ್ದೆ ಹೋದರೇನೋ ಅಂದುಕೊಂಡೆ.

ಇಲ್ಲ. ಬೆರಳು ಎದ್ದಿತ್ತು, ಗೆರೆಗೆ ಗೇಣು ಮೇಲೆ,
ಗಾಳಿಯಲ್ಲಿ, ತಕ್ಕಡಿಯ ಮುಳ್ಳಿನಂತೆ ಆಚೀಚೆ ತೂಗುತ್ತಾ.
ಕಣ್ಣು ಬಿಟ್ಟು ಇಳಿಸಿದರು:
ಬಲತುದಿಯಿಂದ ಎರಡು ಬೆರಳು ಈಚೆ.
ಒತ್ತಿ, ತೆಗೆದು, ಬಗ್ಗಿ ನೋಡಿ,
ಕೂದಲೆಳೆಯಷ್ಟು ಎಡಕ್ಕೆ ಸರಿಸಿದರು.

ಯಾಕಿಷ್ಟು ಹೊತ್ತು?
ಕೇಳಬಾರದು, ನಿಯಮದಲ್ಲಿಲ್ಲ. ಕೇಳಿದೆ.

‘ಪ್ಯಾನಿನಾಗೆ ಪಾಕ ಕಟ್ಟುವಾಗ
ಗಾಜಿನ ಪಟ್ಟಿ ಮ್ಯಾಲೆ ಒಸಿ ಸವರ್ಕಂಡು
ದೀಪಕ್ಕಿಡಿದು ನೋಡ್ತಿದ್ದೊ ಕನವ್ವ,
ಕಾಳು ಎದ್ದದೋ ಇಲ್ವೋ, ಎದ್ರೂ ಎಷ್ಟು ದಪ್ಪ ಅಂತ.
ಅವಸರ ಬಿದ್ದು ಊಂ ಅಂದ್ರೆ
ಒಂದು ಪ್ಯಾನು ಪೂರ್ತಿ ಕೆಟ್ಟೋಗದು.
ಸದ್ದೂ ಅಂಗೇಯ. ಒಳೀಕ್ಕೋಗಿ ತಂದು
ಬೆಳಕಿಗಿಡಿದು ನೋಡ್ಬೇಕಲ್ವಾ?
ಓದ ವಾರ ಡಾಕ್ಟ್ರು ಕೇಳುದ್ರು, ಎಷ್ಟದೆ ಅಂತ.
ಹತ್ತಕ್ಕೆ ಏಳು ಅಂದ್ಬುಟ್ಟೆ.
ಅವ್ರಿಗೂ ಬಿಡುವಿರ್ನಿಲ್ಲ.
ಸುಳ್ಳದು.’

ಚೀಟಿಗೆ ಸಹಿ ಹಾಕಿ, ಚಾರ್ಜಿನ ದುಡ್ಡು ಎಣಿಸದೆ
ಜೇಬಿಗಿಟ್ಟುಕೊಂಡು ಹೋದರು.

ಸಂಜೆ ಕಡತ ತೆಗೆದರೆ ಅವರ ಸಾಲೇ ಇಲ್ಲ.
ನಾನೇ ನಿಲ್ಲಿಸಿದ ಕಾವಲುಗಾರ
ಹೊರಗೆ ಅಟ್ಟಿದ್ದ.
ಕಚ್ಚಾ ಕಡತದ ಬುಡದಲ್ಲಿ ಸಿಕ್ಕರು:
ಎಂಬತ್ತೆರಡು ಪಾಯಿಂಟ್ ಆರು.
ಅದರ ಪಕ್ಕದ ಕಾಲಮ್ಮಿನಲ್ಲಿ, ಮಿಲಿಸೆಕೆಂಡುಗಳಲ್ಲಿ,
ಅಷ್ಟು ಹೊತ್ತೂ.

ಕಾವಲಿನ ಸಾಲು ಅಳಿಸಿದೆ.
ಮೇಡಂ ಒಪ್ಪುವುದಿಲ್ಲ, ಮಂಗಳವಾರ ಜಗಳ ಇದೆ.
ಸರಿಯಾಗಿ ಓಡುತ್ತದೋ ನೋಡೋಣವೆಂದು
ನಾನೇ ಕುಳಿತೆ, ಖಾಲಿ ಗೆರೆಯ ಮುಂದೆ.
ಪ್ರಶ್ನೆ ಬಂತು.
ನನ್ನ ಕಿವಿಗೇನೂ ಆಗಿಲ್ಲ,
ಎಡತುದಿ ಮುಟ್ಟಿದರೆ ಮುಗಿಯಿತು.
ಆದರೂ
ಎದ್ದು ಹೋಗಿ ಫ್ಯಾನ್ ಆರಿಸಿದೆ.