ಹಾರಿ ಹಚ್ಚಿದ ಬೆಂಕಿ

ಕೊಂಚಾವರಂ ಅಡವಿಯ ಅಂಚಿಗೆ, ಮಾಘ ಮುಗಿದೊಂದು ಮುಂಜಾನೆ,
ಪೆಟ್ಟಿಗೆಯೊಳಗಿಂದ ಅದನ್ನು ತೆಗೆದಳು ಸೇಡಂನ ಸಫೂರಾ,
ತೊಟ್ಟಿಲ ಕೂಸನ್ನು ಎತ್ತುವ ಹಾಗೆ, ಕತ್ತಿಗೆ ಕೈ ಕೊಟ್ಟು.
ಆರು ರೆಕ್ಕೆ. ಹೊಟ್ಟೆಯ ತುಂಬ ಬಿಳಿ ಗುಂಡು,
ನೆಲ ಮುಟ್ಟಿ ಮೂವತ್ತು ಎಣಿಸುವುದರೊಳಗೆ ಹೊತ್ತಿಕೊಳ್ಳುತ್ತವಂತೆ.
"ಯಾರೂ ನಡೆಸೂದು ಬ್ಯಾಡ್ರಿ ಕಾಕಾ, ಗೆರಿ ಹಾಕಿ ಕೊಟ್ರ ಸಾಕು,
ತಾನಾ ಹೋಗ್ತದ, ತಾನಾ ಬರ್ತದ."

ನಾನು ಇಪ್ಪತ್ತೆರಡು ಬೇಸಿಗೆಯ ವಾಚರ್.
ನನ್ನ ಸಾಮಾನು: ಬಂದರಿ ಗಿಡದ ಹಸಿ ಟೊಂಗೆ,
ಡೀಸೆಲ್ ಅದ್ದಿದ ಚಿಂದಿ, ಒಂದು ಕೊಡ ನೀರು.
ಗಾಳಿ ನೋಡಲು ಬೀಡಿ ಹಚ್ಚುತ್ತಿದ್ದೆ;
ಸಾಹೇಬರು ಅದಕ್ಕೂ ಬೈಯುತ್ತಿದ್ದರು.

ಯಂತ್ರ ಎದ್ದಿತು. ಜೇನುಹುಟ್ಟಿಗೆ ಕಲ್ಲು ಬಿದ್ದ ಸದ್ದು.
ನವಿಲೊಂದು ಕೂಗಿ, ಯಾಕೋ ಅರ್ಧಕ್ಕೆ ನಿಲ್ಲಿಸಿತು.
ಒಣ ಬಾದೆಹುಲ್ಲಿನ ಮೇಲೆ ಹತ್ತು ಮಾರಿಗೊಂದು ಮೊಟ್ಟೆ.
ಹೊಗೆ ಒಂದೊಂದೇ ಎದ್ದು ನಿಂತಿತು
ಶಾಲೆಯ ಪ್ರಾರ್ಥನೆಗೆ ತಡವಾಗಿ ಬಂದ ಹುಡುಗರಂತೆ,
ಆಮೇಲೆ ಕೈಕೈ ಹಿಡಿದು ಸಾಲಾಯಿತು.

ಆಗ ನೆನಪಾದವಳು ದಾಕ್ಲಿಬಾಯಿ.
ತುಮರಿ ಚಿಗುರಲೆಂದು, ಬೀಡಿ ಎಲೆ ಮೆತ್ತಗೆ ಬರಲೆಂದು
ಇದೇ ಇಳಿಜಾರಿಗೆ, ಇದೇ ತಿಂಗಳು, ಕಡ್ಡಿ ಗೀರಿದ್ದಳು.
ಹಿಡಿದವನು ನಾನು. ಚಿಂಚೋಳಿ ಕೋರ್ಟಿಗೆ ಒಂಬತ್ತು ತಾರೀಖು.
ಪ್ರತಿಸಲ ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕೂತು
ರೊಟ್ಟಿ ಮುರಿದು ಕೊಡುತ್ತಿದ್ದಳು, ಮೇಲೊಂದು ಹಸಿಮೆಣಸಿನಕಾಯಿ.
ಕದ್ದು ಹಚ್ಚಿದರೆ ಕೇಸು, ಹಾರಿ ಹಚ್ಚಿದರೆ ಯೋಜನೆ.
ಅಂದಿದ್ದರೆ ಸಫೂರಾ ನಗುತ್ತಿದ್ದಳೇನೋ. ಅನ್ನಲಿಲ್ಲ.

ಹನ್ನೊಂದರ ಹೊತ್ತಿಗೆ ಕಿವಿಯ ಹಿಂದೆ ತಣ್ಣಗಾಯಿತು.
"ಗಾಳಿ ತಿರುಗ್ಲಕತ್ತದವ್ವಾ" ಅನ್ನಲು ಬಾಯಿ ತೆರೆದೆ.
ಮಾತು ಹೊರಬೀಳುವ ಮೊದಲೇ
ಯಂತ್ರ ಗೆರೆಯನ್ನು ನಡುವೆಯೇ ಬಿಟ್ಟು ಮರಳುತ್ತಿತ್ತು,
ಉಳಿದ ಮೊಟ್ಟೆಗಳನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು.
ನಾಚಿಕೆಯಾಯಿತೋ, ಜೊತೆ ಸಿಕ್ಕಂತಾಯಿತೋ,
ಇನ್ನೂ ಗೊತ್ತಾಗಿಲ್ಲ.

ಗಾಳಿ ಕೂತ ಮೇಲೆ ಮತ್ತೆ ಹಾರಿಸಿದರು.
ಸಂಜೆ ಅವಳ ಪರದೆಯಲ್ಲಿ ಗೆರೆ ಹಸಿರಾಗಿತ್ತು: ಮುಗಿದಿದೆ.
ಜೀಪು ಹೋಯಿತು.

ನಾನು ಕೊಡ ಹೊತ್ತು, ಟಾರ್ಚು ಆರಿಸಿ, ಬೂದಿಯ ಮೇಲೆ ನಡೆದೆ.
ಕೆಂಡ ಹುಡುಕುವವನಿಗೆ ಕತ್ತಲೇ ಕಣ್ಣು.
ಮುಗಿದ ಗೆರೆಯೊಳಗೆ ಒಂದು ದಿಂಡಿಗದ ಬೊಡ್ಡೆ
ಒಳಗೊಳಗೇ ಉಸಿರಾಡುತ್ತಿತ್ತು.
ನೀರೆಲ್ಲ ಸುರಿದೆ. ಚಸ್ ಅಂದಿತು. ಮತ್ತೆ ಕೆಂಪಗಾಯಿತು.
ಮಣ್ಣು ಮುಚ್ಚಿ ಪಕ್ಕದಲ್ಲೇ ಕೂತೆ, ಚಪ್ಪಲಿ ಬಿಸಿಯಾಗಿ ಅಂಟುತ್ತಿತ್ತು.

ಬೆಳಗಿನ ಜಾವ ತಾಂಡಾದ ಕಡೆಯಿಂದ ಕೆಮ್ಮು.
ಬುಟ್ಟಿ ಹಿಡಿದ ದಾಕ್ಲಿಬಾಯಿ ಕರಿಯ ಗೆರೆಯ ಆಚೆ ನಿಂತು,
ಕಾಲ್ಬೆರಳಿಂದ ಬೂದಿ ಕೆದಕಿ ನೋಡಿದಳು.
"ಈ ಸಲ ಯಾರ್ ಹಚ್ಚಿದ್ರೋ?
ಎಲಿ ಛಲೋ ಬರ್ತಾವ್ ಬಿಡು."