ಪಾದ ಹೋಗಿ ಉಳಿದದ್ದು

ಕಾಂಬಳೆ ಕಾಕಾನ ಚಪ್ಪಲಿ ಕಾರಖಾನೆ ಅಂದರೆ
ಅಕ್ಕಲಕೋಟ ರಸ್ತೆಗೊಂದು ತಗಡಿನ ಶೆಡ್ಡು, ಒಳಗೊಂದು ಅಚ್ಚಿನ ಮಷೀನು.
ಮಷೀನು ಒಮ್ಮೆ ಧಪ್ ಅಂದರೆ
ಫೋಮಿನ ಹಾಳೆಯಿಂದ ಎರಡು ಪಾದ ಕೆಳಗೆ ಬೀಳುತ್ತವೆ,
ಹಾಳೆಯಲ್ಲಿ ಎರಡು ಪಾದದ ತೂತು ಉಳಿಯುತ್ತವೆ.
ತೂತಿನ ಹಾಳೆ ಕಿಲೋಕ್ಕೆ ಮೂವತ್ತು.

ನನ್ನ ಕಿಸೆಯಲ್ಲಿದ್ದದ್ದು ನೂರಾ ಇಪ್ಪತ್ತು.
ಎರಡು ಕಿಲೋ ತೂಗಿಸಿದೆ, ಕರಿದು, ನೀಲಿ, ಒಂದಿಷ್ಟು ಗುಲಾಬಿ.
"ಎಷ್ಟು ಜೋಡ ಮಾಡ್ತಿ?" ಅಂದ ಕಾಕಾ.
"ಜೋಡಲ್ಲ, ಒಂದು ಶಿರಸ್ತ್ರಾಣ. ಗ್ಯಾದರಿಂಗಿನ್ಯಾಗ
ಚಂದ್ರನ ಮ್ಯಾಲಿನ ವಾಚ್‌ಮನ್ ಆಗೋನು ನಾನು."
"ಚಂದ್ರನ ಮ್ಯಾಲೆ ಕದಿಯೋದು ಏನದ?" ಅಂದವನು
ಲೆಕ್ಕಕ್ಕೆ ಹಿಡಿಯದೆ ಇನ್ನೊಂದು ಹಾಳೆ ಒಗೆದ.

ಭಾಗ್ಯಾ ನನ್ನ ತಲೆಗೆ ಪೇಪರು ಸುತ್ತಿ, ಟೇಪು ಜಡಿದು,
ಮೂಗಿಗಷ್ಟು ಜಾಗ ಬಿಟ್ಟು, ಸ್ಕೆಚ್ ಪೆನ್ನಿನಿಂದ ಗೆರೆ ಎಳೆದಳು.
ಹಣೆಯ ಮೇಲೆ ಯಾರದೋ ಪುಣ್ಯಸ್ಮರಣೆ,
ಕಿವಿಯ ಮೇಲೆ ತೊಗರಿಯ ಧಾರಣಿ.
ಕತ್ತರಿಸಿ ಹರಡಿದಾಗ ನನ್ನ ತಲೆ
ಸುಲಿದ ಮೋಸಂಬಿಯ ಹಾಗೆ ನೆಲದ ಮೇಲೆ ಬಿದ್ದಿತ್ತು.
ಸುತ್ತಳತೆ ಇಪ್ಪತ್ತೆರಡು ಇಂಚು. ಗೋಡೆಯ ಮೇಲೆ ಬರೆದುಕೊಂಡೆ.

ಸಲ್ಯೂಶನ್ನಿಗೆ ನಲವತ್ತೈದು, ಬ್ಲೇಡಿಗೆ ಹತ್ತು.
ಐದು ರೂಪಾಯಿ ಉಳಿಯಿತು. ಬೆಳ್ಳಿ ಬಣ್ಣದ ಡಬ್ಬಿ ಎಪ್ಪತ್ತು.
ಅಂಗಡಿಯವನ ಕೈಗೆ ಅದನ್ನು ವಾಪಸು ಕೊಟ್ಟೆ.

ಅಂಟು ಹಚ್ಚಿದ ಕೂಡಲೇ ಒತ್ತಿದೆ. ಜಾರಿತು.
ಗಟ್ಟಿ ಒತ್ತಿದೆ. ನನ್ನ ಹೆಬ್ಬೆಟ್ಟೇ ಚಂದ್ರಲೋಕಕ್ಕೆ ಸೇರಿತು.
ಕಾಕಾನ ಹತ್ತಿರ ಓಡಿದೆ. "ಎರಡೂ ಕಡೆ ಹಚ್ಚು, ಬಿಡು,
ಒಂದು ಬೀಡಿ ಸೇದಿ ಮುಗಿಯೂತನಕ ಕಾಯಿ.
ಬೆರಳಿಗೆ ಒಣಗೇದ ಅನಿಸಬೇಕು. ಆವಾಗ ಕೂಡಿಸು.
ಒಂದೇ ಸಲ. ಆಮ್ಯಾಲೆ ಬ್ರಹ್ಮನೂ ಬಿಡಿಸಂಗಿಲ್ಲ."
ನಾನು ಬೀಡಿ ಸೇದುವುದಿಲ್ಲ. ಇನ್ನೂರರ ತನಕ ಎಣಿಸಿದೆ.

ಬಿಸಿಗಾಳಿಯ ಮಷೀನು ನಮಗೆಲ್ಲಿಯದು?
ರೊಟ್ಟಿ ಇಳಿಸಿದ ಹಂಚಿನ ಮೇಲೆ ಹಿಡಿದು ಬಗ್ಗಿಸಿದೆ.
ಮೊದಲ ತುಂಡು ಹಪ್ಪಳದ ಹಾಗೆ ಮುದುಡಿತು.
ಎರಡನೆಯದು ಹಂಚಿಗೇ ಹತ್ತಿ, ಮರುದಿನದ ರೊಟ್ಟಿಗೆಲ್ಲ
ರಬ್ಬರಿನ ವಾಸನೆ. ಮೂರನೆಯದು, ನಿಜವಾಗಿ, ಬಾಗಿತು,
ಒಳ್ಳೆಯ ಮಾತಿಗೆ ಬಾಗಿದ ಹಾಗೆ.

"ಕಾಲಾಗಿಂದು ತಲಿ ಮ್ಯಾಲೆ ಇಟ್ಕೋತಿಯೇನೋ?" ಅಂದಳು ಅಜ್ಜಿ.
ಕಾಲಿನದು ಕಾಲಿಗೇ ಹೋಗಿದೆ, ಅಜ್ಜಿ.
ಇದು ಎರಡು ಹೆಜ್ಜೆಗಳ ನಡುವಿನದು.
ಕಣ್ಣಿಗೆಂದು ನಾನು ಕಿಂಡಿ ಕೊಯ್ಯಲಿಲ್ಲ,
ಎರಡು ಹಿಮ್ಮಡಿಯ ತೂತು ಅಲ್ಲೇ ಇದ್ದವು, ಅಕ್ಕಪಕ್ಕ.
ಯಾರೋ ಹಾಕಿಕೊಂಡು ನಡೆಯುತ್ತಿರುವ ಚಪ್ಪಲಿಯ
ಗೈರುಹಾಜರಿಯೊಳಗಿಂದ ನಾನು ನೋಡಬೇಕಿತ್ತು.

ಭಾಗ್ಯಾಳ ಪೆನ್ಸಿಲಿನ ಸೀಸ ಅರೆದು ತಿಕ್ಕಿದೆ. ಕಬ್ಬಿಣವಾಯಿತು.
ಗುರುವಾರ ರಾತ್ರಿ ಎತ್ತಿ ತಲೆಗಿಟ್ಟೆ.
ಕಿವಿಯ ತನಕ ಬಂದು ನಿಂತಿತು.
ಫೋಮಿಗೆ ದಪ್ಪ ಅನ್ನುವುದೊಂದು ಇರುತ್ತದೆ ಎಂದು
ಗೋಡೆಯ ಮೇಲೆ ಯಾರೂ ಬರೆದಿರಲಿಲ್ಲ.

ಆಗಲೇ ಅವ್ವ ಬಂದಳು, ಪಾಳಿ ಮುಗಿಸಿ,
ಕೂದಲ ತುಂಬ ಹತ್ತಿಯ ನವಿರು.
ಹದಿನೇಳು ವರ್ಷ ಮಗ್ಗಗಳ ನಡುವೆ ಕಾಂಡಿ ಸುತ್ತಿದವಳು,
ಮನೆಯಲ್ಲೂ ಕಾರಖಾನೆಯ ಆಚೆ ತುದಿಗೆ ಕೂಗುವಂತೆ ಮಾತಾಡುವವಳು.
ನನ್ನ ಮುಖ ನೋಡಿದಳು. ಕೈಯಿಂದ ಕಸಿದು ತಾನೇ ಹಾಕಿಕೊಂಡಳು.
ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು.

ಭಾಗ್ಯಾ ಬಿದ್ದು ಬಿದ್ದು ನಕ್ಕಳು. ಅವ್ವ ನಗಲಿಲ್ಲ.
ಎರಡು ಹಿಮ್ಮಡಿಯೊಳಗಿಂದ ಕಣ್ಣು ಮಿಟುಕಿಸಿ
ಎಂದೂ ಇಲ್ಲದ ಸಣ್ಣ ದನಿಯಲ್ಲಿ ಅಂದಳು:
"ಖಟಖಟಿ ನಿಂತದ."

ನಾನು ಗೋಡೆಯ ಮೇಲಿನ ಇಪ್ಪತ್ತೆರಡನ್ನು ಹೊಡೆದು
ಇಪ್ಪತ್ನಾಲ್ಕು ಬರೆದೆ. ಕಾಕಾ ಕೊಟ್ಟ ಹೆಚ್ಚಿನ ಹಾಳೆ ಬಿಡಿಸಿದೆ.
ಬೆಳಗಾದರೆ ಗ್ಯಾದರಿಂಗು. ಆದರೆ ಆಯಿತು.

ಅವ್ವ ಹೊಸ್ತಿಲ ಮೇಲೆ ಕೂತಿದ್ದಳು, ಶಿರಸ್ತ್ರಾಣ ತೊಟ್ಟು,
ರಾತ್ರಿಯ ಓಣಿ ಕಾಯುವವಳ ಹಾಗೆ.
ಊಟಕ್ಕೆ ಕರೆದೆ. ಕೇಳಿಸಲಿಲ್ಲ.
ಇನ್ನೊಮ್ಮೆ ಕರೆಯಲಿಲ್ಲ ನಾನು.